ಸಸ್ಪೆಂಡ್ ಮಾಡಿದರೆ ಮುಗಿಯಿತಾ?

ಮಾನ್ಯ ಸಂಪಾದಕರೇ,

ಪರಪ್ಪನ ಅಗ್ರಹಾರ ಜೈಲಿನ ವಿಡಿಯೊ ಹೊರಬಂದರೆ ಟಿವಿಯಲ್ಲಿ ಒಂದು ವಾರ ಅದೇ. ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲಿ ಸತ್ತರೆ ಇನ್ನೊಂದು ವಾರ ಅದೇ. ಇಲಾಖೆ ಬೇರೆ, ಮಂತ್ರಿ ಬೇರೆ, ಆದರೆ ಆಮೇಲೆ ನಡೆಯುವುದು ಮಾತ್ರ ಒಂದೇ. ಕೆಲವರು ಸಸ್ಪೆಂಡ್, ಕೆಲವರಿಗೆ ಎತ್ತಂಗಡಿ, ಮೇಲೊಂದು ಸಮಿತಿ. ಸಮಿತಿ ಏನು ಹೇಳಿತು ಅಂತ ಯಾರೂ ಕೇಳುವುದಿಲ್ಲ, ಅಷ್ಟರಲ್ಲಿ ನಾವೂ ಮರೆತಿರುತ್ತೇವೆ.

2025ರ ಜೂನ್ 26ರಂದು ಅದೇ ಬೆಟ್ಟದ ಹೂಗ್ಯಂ ಅರಣ್ಯ ವಲಯದಲ್ಲಿ ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿಗೆ ವಿಷ ಹಾಕಿದ್ದರು. ಹಾಕಿದವರನ್ನು ಹಿಡಿದರು, ಸರಿ. ಆದರೆ ಅದೇ ಹೊತ್ತಿಗೆ ಇನ್ನೊಂದು ವಿಷಯವೂ ಹೊರಬಿತ್ತು. ಅಲ್ಲಿ ಗಸ್ತು ತಿರುಗುವ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ, ಹುಲಿ ಸಾಯುವ ಕೆಲವೇ ದಿನ ಮುಂಚೆ ಅವರು ಸಂಬಳ ಕೊಡಿ ಅಂತ ಪ್ರತಿಭಟನೆಗೂ ಕೂತಿದ್ದರು. ನಮ್ಮ ಹನೂರು ಕಡೆ ಈ ಕೆಲಸಕ್ಕೆ ಹೋಗುವವರಲ್ಲಿ ಕಾಡಂಚಿನ ಊರಿನ ಹುಡುಗರೇ ಜಾಸ್ತಿ. ಕೈಯಲ್ಲೊಂದು ಕೋಲು, ಒಂದು ಟಾರ್ಚು, ಊರಿನ ಅಂಗಡಿಯಲ್ಲಿ ಅಕ್ಕಿ ಬೇಳೆಯ ಸಾಲ. ಆನೆ ಎದುರಾಗುವ ದಾರಿಯಲ್ಲಿ ಇವರು ನಡೆಯಬೇಕು, ಸಂಬಳದ ಬಿಲ್ಲು ಮಾತ್ರ ಯಾವುದೋ ಮೇಜಿನ ಮೇಲೆ ಕೂತಿರಬಹುದು. ಬಾಕಿ ಇದೆ ಅಂತ ಕಚೇರಿಗೆ ಗೊತ್ತಿತ್ತು, ವಾಚರ್‌ಗಳಿಗೆ ಗೊತ್ತಿತ್ತು. ನಮಗೆ ಗೊತ್ತಾಗಲು ಐದು ಹುಲಿ ಸಾಯಬೇಕಾಯಿತು.

ಜೈಲಿನ ಕಥೆ ಇನ್ನೂ ಹಳೆಯದು. 2017ರಲ್ಲಿ ಪರಪ್ಪನ ಅಗ್ರಹಾರದಲ್ಲಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಅಂತ ಆಗ ಕಾರಾಗೃಹ ಡಿಐಜಿ ಆಗಿದ್ದ ಡಿ. ರೂಪಾ ವರದಿ ಕೊಟ್ಟರು. ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಂದ ತನಿಖೆ ಮಾಡಿಸಿತು. ಅವರೂ ಹೌದು ಅಂದರು. ಆದರೆ ಅವರ ವರದಿ ಜನರ ಕಣ್ಣಿಗೆ ಬಿದ್ದಿದ್ದು 2019ರಲ್ಲಿ, ಅದೂ ಆರ್‌ಟಿಐ ಅರ್ಜಿ ಹಾಕಿದ ಮೇಲೆ! 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಸಿಗರೇಟು, ಮಗ್ ಹಿಡಿದು ಕೂತ ಫೋಟೊ ಬಂತು. ಮತ್ತೆ ಸಸ್ಪೆಂಡ್. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಜೈಲಿನಲ್ಲಿ ಫೈವ್ ಸ್ಟಾರ್ ಉಪಚಾರ ಕಂಡರೆ ಮೊದಲು ಸೂಪರಿಂಟೆಂಡೆಂಟ್ ಅನ್ನೇ ಸಸ್ಪೆಂಡ್ ಮಾಡಿಸುತ್ತೇವೆ ಅಂತ ಗದರಿತು. ನವೆಂಬರ್‌ನಲ್ಲಿ ಅದೇ ಪರಪ್ಪನ ಅಗ್ರಹಾರದಿಂದ ಕೈದಿಗಳು ಮೊಬೈಲ್ ಹಿಡಿದಿರುವ, ಪಾರ್ಟಿ ಮಾಡುತ್ತಿರುವ ವಿಡಿಯೊಗಳು ಬಂದವು. ಅಂದರೆ ದೇಶದ ದೊಡ್ಡ ಕೋರ್ಟ್ ಗದರಿದ್ದು ಮೂರು ತಿಂಗಳಿಗೂ ಬಾಳಲಿಲ್ಲ. ಮೊಬೈಲ್ ಸಿಗ್ನಲ್ ತಡೆಯಲು ಹಾಕಿದ ಜೈಲಿನ ಜಾಮರ್‌ನಿಂದ ಸುತ್ತಲಿನ ಬಡಾವಣೆಗಳಲ್ಲಿ ನೆಟ್‌ವರ್ಕ್ ಸಿಗಲ್ಲ ಅನ್ನುವ ದೂರು ಬೇರೆ ಇದೆ. ಹೊರಗಿದ್ದವರಿಗೆ ಫೋನ್ ಸಿಗಲ್ಲ, ಒಳಗಿದ್ದವರು ಆರಾಮಾಗಿ ವಿಡಿಯೊ ಮಾಡ್ತಾರೆ, ಚೆನ್ನಾಗಿದೆ ಅಲ್ವಾ?

ದುಡ್ಡಿದ್ದವನಿಗೆ ಕುರ್ಚಿ ಸಿಗುವ ಜಾಗದಲ್ಲಿ ದುಡ್ಡಿಲ್ಲದ ವಿಚಾರಣಾಧೀನ ಕೈದಿಯ ಗತಿ ಏನು ಅಂತ ಯಾರೂ ವಿಡಿಯೊ ಮಾಡುವುದಿಲ್ಲ. ಅವನ ಸುರಕ್ಷತೆಯೂ ಇದೇ ಮೇಲ್ವಿಚಾರಣೆಯ ಮೇಲೆ ನಿಂತಿದೆ.

ಹೊಸ ಕಾನೂನು ಏನೂ ಬೇಡ. ಜೈಲಿಗೆ ಬಂದು ಪರಿಶೀಲನೆ ಮಾಡುವ ಸಂದರ್ಶಕರ ಮಂಡಳಿ ಇರಬೇಕು, ಅದರಲ್ಲಿ ಸರ್ಕಾರದ ಹೊರಗಿನವರೂ ಇರಬೇಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಜೈಲುಗಳಿಗೆ ಯಾರು ಬಂದರು, ಯಾವಾಗ ಬಂದರು, ಏನು ಬರೆದರು ಅನ್ನುವುದನ್ನು ಇಲಾಖೆಯ ವೆಬ್‌ಸೈಟಿಗೆ ಹಾಕಲಿ. ಅರಣ್ಯ ಇಲಾಖೆಯೂ ಯಾವ ವಲಯದಲ್ಲಿ ಎಷ್ಟು ವಾಚರ್‌ಗಳಿದ್ದಾರೆ, ಯಾವ ತಿಂಗಳವರೆಗೆ ಸಂಬಳ ಆಗಿದೆ ಅಂತ ಪ್ರತಿ ತಿಂಗಳು ಹಾಕಲಿ. ಒಂದು ಪುಟದ ಕೆಲಸ. ಎಷ್ಟು ಸಸಿ ನೆಟ್ಟೆವು ಅನ್ನುವ ಲೆಕ್ಕವನ್ನು ಜಾಹೀರಾತು ಕೊಟ್ಟು ಹೇಳುತ್ತಾರಲ್ಲ, ಇದನ್ನೂ ಹೇಳಲಿ.

ಮುಂದಿನ ಅಧಿವೇಶನದಲ್ಲಿ ಯಾರಾದರೂ ಒಬ್ಬ ಶಾಸಕರು, ಪಕ್ಷ ಯಾವುದಾದರೂ ಸರಿ, ಹುಲಿ ಸಾವಿನ ತನಿಖಾ ವರದಿ, ನವೆಂಬರ್‌ನ ವಿಡಿಯೊಗಳ ನಂತರ ಮಾಡಿದ ಜೈಲು ಸಮಿತಿಯ ವರದಿ ಎರಡನ್ನೂ ಸದನದಲ್ಲಿ ಮಂಡಿಸಿ ಅಂತ ಕೇಳಲಿ. ಉತ್ತರ ಬಂದರೆ ನೀವು ಮುಖಪುಟದಲ್ಲೇ ಹಾಕಿ.

ಇಂತಿ,
ಹನೂರು ಕಡೆಯ ಒಬ್ಬ ಓದುಗ, ಬೆಂಗಳೂರು