ಬಿಡುಗಡೆ ಚೀಟಿಯಲ್ಲಿ ಕನ್ನಡದ ಒಂದು ಪುಟವಿರಲಿ

ಸಂಪಾದಕರಿಗೆ,

ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದ್ದ ನನ್ನ ತಾಯಿ ಕಳೆದ ವರ್ಷ ವಿಪರೀತ ಬಾಯಾರಿಕೆ ಎನ್ನತೊಡಗಿದರು. ಹಾಸಿಗೆಯ ಪಕ್ಕದ ತಂಬಿಗೆಯನ್ನು ರಾತ್ರಿಗೆ ಮೂರು ಬಾರಿ ತುಂಬಿಸಬೇಕಾಗುತ್ತಿತ್ತು. ಮಲಬದ್ಧತೆ, ಮಂಪರು ಶುರುವಾಗಿ, ಕೊನೆಗೆ ನನ್ನನ್ನೇ ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದಾಗ, ವಯಸ್ಸಾಯಿತು, ಅರಳುಮರಳು ಎಂದ ನೆಂಟರ ಮಾತು ನಂಬಿ ನಾಲ್ಕು ದಿನ ಕಳೆದುಬಿಟ್ಟೆವು. ಮೂಳೆ ಸವೆದು ಅದರ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತಿದ್ದುದೇ ಇದಕ್ಕೆಲ್ಲ ಕಾರಣವೆಂದು ತಿಳಿದದ್ದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿದ ಮೇಲೆ. ಸಲೈನ್ ಡ್ರಿಪ್ ಹಾಕಿ, ಮೂಳೆ ಸವೆತ ತಡೆಯುವ ಜೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟ ಮೂರನೆಯ ದಿನ ಅಮ್ಮ ನನ್ನ ಹೆಸರು ಹಿಡಿದು ಕರೆದು, ಕಾಫಿ ಕೇಳಿದರು.

ಅದಕ್ಕೂ ಮೊದಲು ಮನೆಗೆ ಕಳಿಸುವಾಗ ಕೊಟ್ಟಿದ್ದ ಬಿಡುಗಡೆ ಚೀಟಿಯ ಐದು ಪುಟಗಳೂ ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಮಾತ್ರೆಗಳ ಪಟ್ಟಿಯಿತ್ತು. ಏನು ಕಂಡರೆ ತಡಮಾಡದೆ ಬರಬೇಕೆಂಬ ಒಂದು ಸಾಲೂ ಇರಲಿಲ್ಲ.

ಕ್ಯಾನ್ಸರ್ ಗಡ್ಡೆಯಿರುವ ಜಾಗದಲ್ಲಷ್ಟೇ ತೊಂದರೆ ಕೊಡುವ ಕಾಯಿಲೆಯಲ್ಲ. ಕಿಮೊ ಆದ ಒಂದೆರಡು ವಾರದಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕುಸಿದಿರುವಾಗ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲೆಂದು ಕಾಯುವುದು ಜೀವಕ್ಕೇ ಅಪಾಯ. ಒಂದೇ ಕಾಲು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಶ್ವಾಸಕೋಶಕ್ಕೂ ಹೋಗಬಹುದು. ಬೆನ್ನುನೋವಿನ ಜೊತೆಗೆ ಕಾಲಿನ ಬಲ ಕುಂದಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವ ಸಂಭವವಿದ್ದು, ನಡಿಗೆ ಪೂರ್ತಿ ನಿಲ್ಲುವ ಮುನ್ನವೇ ಚಿಕಿತ್ಸೆ ಸಿಗಬೇಕು.

ರೋಗಿ ಸೊರಗುವ ಬಗೆಗಂತೂ ಬಿಡಿಸಿ ಹೇಳಲೇಬೇಕು. ಅಮ್ಮನ ಬಳೆಗಳು ಮೊಣಕೈವರೆಗೆ ಜಾರತೊಡಗಿದಾಗ, ನೋಡಲು ಬಂದವರೆಲ್ಲ ಸರಿಯಾಗಿ ಉಣ್ಣಲು ಹಾಕುತ್ತಿಲ್ಲವೆಂದು ನನ್ನ ಅತ್ತಿಗೆಯನ್ನು ದೂರಿದರು. ಕಾಯಿಲೆಯಿಂದ ದೇಹದಲ್ಲಿ ಹುಟ್ಟುವ ಉರಿಯೂತವೇ ಸ್ನಾಯುಗಳನ್ನು ಕರಗಿಸುತ್ತದೆ, ಹಸಿವನ್ನೂ ಅಡಗಿಸುತ್ತದೆ. ಕ್ಯಾಕೆಕ್ಸಿಯಾ ಎಂಬ ಈ ಸ್ಥಿತಿ ಬರೀ ಊಟದಿಂದ ಸರಿಹೋಗುವಂಥದ್ದಲ್ಲ. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಇಳಿದರೆ ವೈದ್ಯರಿಗೆ ತಿಳಿಸಬೇಕೆಂದು ನಮಗೆ ಮೊದಲೇ ಗೊತ್ತಿದ್ದರೆ, ಬಲವಂತದ ತುತ್ತಿನ ಜಗಳಗಳು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆ ನೀಡುವ ರಾಜ್ಯದ ಎಲ್ಲ ಆಸ್ಪತ್ರೆಗಳೂ ಈ ಲಕ್ಷಣಗಳನ್ನು ಕನ್ನಡದ ಒಂದು ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚುಮಾಡಿ, ರಾತ್ರಿಯೂ ಎತ್ತುವ ಒಂದು ದೂರವಾಣಿ ಸಂಖ್ಯೆಯೊಂದಿಗೆ ಬಿಡುಗಡೆ ಚೀಟಿಗೆ ಸೇರಿಸುವಂತೆ ಆರೋಗ್ಯ ಇಲಾಖೆ ಸೂಚಿಸಬೇಕು. ಓದಲು ಬಾರದವರಿಗೆ ನರ್ಸ್ ಒಮ್ಮೆ ಅದನ್ನು ಓದಿ ಹೇಳಲಿ.

– ಓದುಗಿ, ಹಾಸನ