ಪ್ರಾಗ್‌ಗೆ ಎರಡು ರಾತ್ರಿ

ಡ್ರೆಸ್ಡನ್
ಅಕ್ಟೋಬರ್ 25, ಭಾನುವಾರ

ಅಪ್ಪ, ಅಮ್ಮ, ಅಜ್ಜಿ, ಪುಟ್ಟ,

ನಾನು ಚೆನ್ನಾಗಿದ್ದೇನೆ. ನೆಗಡಿ ಹೋಯಿತು. ಅಮ್ಮ, ನೀನು ಕೊಟ್ಟಿದ್ದ ಕಷಾಯದ ಪುಡಿ ಮಾತ್ರ ತಳ ಕಂಡಿದೆ.

ಇವತ್ತು ಬೆಳಗಿನ ಜಾವ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಇನ್ನು ಮಾರ್ಚ್‌ವರೆಗೆ ನನಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹಾಗಾಗಿ ಅಮ್ಮ, ನೀನು ದೋಸೆ ಎಲ್ಲ ಮುಗಿಸಿ ಹತ್ತು ಗಂಟೆಗೆ ಆರಾಮಾಗಿ ಫೋನ್ ಮಾಡಿದರೆ ಇಲ್ಲಿ ಬೆಳಗಿನ ಐದೂವರೆ. ದಯವಿಟ್ಟು ಹನ್ನೆರಡರ ಮೇಲೆ ಮಾಡು.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ಎರಡು ರಾತ್ರಿ ಪ್ರಾಗ್‌ಗೆ ಹೋಗಿ ಬರೋಣ ಅಂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು "ಎಷ್ಟಾಗುತ್ತೆ?" ಅಂತ ಕೇಳುತ್ತೀರಿ ಅಪ್ಪ, ನಾನು ಯೂರೋದಲ್ಲಿ ಹೇಳುತ್ತೇನೆ, ನೀವು ಮನಸ್ಸಿನಲ್ಲೇ ರೂಪಾಯಿ ಮಾಡಿಕೊಂಡು "ಹ್ಞೂಂ" ಅಂದು ಸುಮ್ಮನಾಗುತ್ತೀರಿ. ಆ ಹ್ಞೂಂ ಕೇಳೋಕಾಗಲ್ಲ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಕೊನೆಗಾರರು ಸಿಗದೆ ನೀವು ಅಡಿಕೆ ಮರ ನೋಡುತ್ತಾ ಕೂತಿರುವ ಹೊತ್ತಿನಲ್ಲಿ ಮಗಳು ಊರು ಸುತ್ತುತ್ತಾಳೆ ಅಂತ ನನಗೂ ಒಳಗೊಳಗೇ ಚುಚ್ಚುತ್ತದೆ, ಅದೂ ನಿಜ. ಆದರೆ ಸಾಲದ ದುಡ್ಡು ಮುಟ್ಟಿಲ್ಲ. ಶನಿವಾರದ ಕೆಫೆ ಕೆಲಸದಲ್ಲಿ ಬರುವ ಟಿಪ್ಸ್ ಎಲ್ಲ ಬೇಸಿಗೆಯಿಂದ ಉಪ್ಪಿನಕಾಯಿ ಬಾಟಲಿಗೆ ಹಾಕುತ್ತಾ ಬಂದಿದ್ದೆ. ಮೊನ್ನೆ ಎಣಿಸಿದರೆ 140 ಯೂರೋ ಇತ್ತು. ನಾಣ್ಯಗಳು ಇನ್ನೂ ಅಪ್ಪೆಮಿಡಿ ವಾಸನೆ ಹೊಡೆಯುತ್ತಿವೆ.

ದಿನ ಹೇಗೆ ಆರಿಸಿದೆ ಅಂದರೆ, ನವೆಂಬರ್ 18 ಬುಧವಾರ ನಮಗೆ ರಜೆ. ಪಶ್ಚಾತ್ತಾಪ, ಪ್ರಾರ್ಥನೆಯ ದಿನವಂತೆ. ಇಡೀ ಜರ್ಮನಿಯಲ್ಲಿ ಸ್ಯಾಕ್ಸನಿ ರಾಜ್ಯಕ್ಕೆ ಮಾತ್ರ ಆವತ್ತು ಸರ್ಕಾರಿ ರಜೆ. ಗುರುವಾರ ನನಗೆ ಕ್ಲಾಸಿಲ್ಲ. ಗಡಿಯ ಆಚೆ ಚೆಕ್ ದೇಶದಲ್ಲಿ ಎರಡೂ ಮಾಮೂಲಿ ಕೆಲಸದ ದಿನ, ಆದ್ದರಿಂದ ವಾರಾಂತ್ಯದ ರೇಟು ಇಲ್ಲ. ಕ್ರಿಸ್‌ಮಸ್ ಸಂತೆ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಇರುತ್ತದೆ. ಅದು ಶುರುವಾದರೆ ಹಾಸ್ಟೆಲ್‌ಗಳ ಬೆಲೆ ಎಲ್ಲಿಗೋ ಹೋಗುತ್ತದೆ. ನಾನು ಹುಡುಕಿದ ಹಾಸ್ಟೆಲ್ ಊರ ಮಧ್ಯೆ ಅಲ್ಲ, ಜಿಝ್ಕೋವ್ ಅಂತ ಸ್ವಲ್ಪ ಪಕ್ಕದ ಬಡಾವಣೆ. ಹೆಣ್ಣುಮಕ್ಕಳ ರೂಮಿನಲ್ಲಿ ಒಂದು ಹಾಸಿಗೆ, ಅಡುಗೆಮನೆ ಇದೆ, ಎರಡು ರಾತ್ರಿಗೆ 36 ಯೂರೋ. ಹೌದು ಅಮ್ಮ, ಲಾಕರ್ ಇದೆ. ಹೌದು, ಒಬ್ಬಳೇ ಅಲ್ಲ, ನನ್ನ ರೂಮ್‌ಮೇಟ್ ಕೂಡ ಬರುತ್ತಾಳೆ.

ಬಸ್ಸಿಗೆ ಹೋಗಿ ಬರಲು 30 ಯೂರೋ, ಸುಮಾರು ಎರಡು ಗಂಟೆ ದಾರಿ. ರೈಲು ಇದಕ್ಕಿಂತ ಚೆನ್ನ, ಎಲ್ಬೆ ನದಿಯ ಪಕ್ಕದಲ್ಲೇ ಮರಳುಗಲ್ಲಿನ ಬಂಡೆಗಳ ಕೆಳಗೆ ಹೋಗುತ್ತದೆ. ಮೇ ತಿಂಗಳಲ್ಲಿ ಅದರಲ್ಲೇ ಹೋಗಿದ್ದೆ. ಈ ಸಲ ಕತ್ತಲಾದ ಮೇಲೆ ಹೋಗುವುದು, ಕತ್ತಲಿಗೆ ಯಾಕೆ ಜಾಸ್ತಿ ದುಡ್ಡು ಕೊಡಲಿ?

ನದಿ ಅಂದಾಗ ನೆನಪಾಯಿತು. ಅಜ್ಜಿಗೆ ಇದನ್ನು ಓದಿ ಹೇಳು ಪುಟ್ಟ. ಪ್ರಾಗ್‌ನ ನದಿ ವಲ್ತಾವ. ಅದು ಊರು ದಾಟಿ ಉತ್ತರಕ್ಕೆ ಹೋಗಿ ಮ್ಯೆಲ್ನಿಕ್ ಅನ್ನುವಲ್ಲಿ ಲಾಬೆ ನದಿ ಸೇರುತ್ತದೆ. ಆ ಲಾಬೆಯೇ ಗಡಿ ದಾಟಿದ ಮೇಲೆ ಎಲ್ಬೆ. ಅಂದರೆ ಪ್ರಾಗ್‌ನ ಸೇತುವೆ ಕೆಳಗೆ ಹರಿದ ನೀರೇ ನಾನು ದಿನಾ ದಾಟುವ ಸೇತುವೆ ಕೆಳಗೂ ಬರುತ್ತದೆ. ಥೇಟ್ ನಮ್ಮ ಕೂಡ್ಲಿ ಥರ. ತಮಾಷೆ ಏನೆಂದರೆ ಸಂಗಮದ ಹೊತ್ತಿಗೆ ಉದ್ದವೂ ವಲ್ತಾವದ್ದೇ ಜಾಸ್ತಿ, ನೀರೂ ಜಾಸ್ತಿ, ಹೆಸರು ಮಾತ್ರ ಲಾಬೆಯದ್ದು. ನಮ್ಮಲ್ಲಿ ತುಂಗೆ, ಭದ್ರೆ ಇಬ್ಬರ ಹೆಸರೂ ಉಳಿಯಿತಲ್ಲ, ಅಷ್ಟು ನ್ಯಾಯ ಇಲ್ಲಿಲ್ಲ.

ಮೇ ತಿಂಗಳಲ್ಲಿ ಅರ್ಧ ದಿನ ಹೋಗಿ ಬಂದಿದ್ದೆನಲ್ಲ, ಆಗ ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಅಲ್ಲಿ ಯೂರೋ ನಡೆಯಲ್ಲ, ಕೊರುನಾ ಬೇಕು. ಒಂದು ಯೂರೋಗೆ ಸುಮಾರು 24 ಕೊರುನಾ. ಹಳೇ ಊರಿನ ಚೌಕದ ಹತ್ತಿರ ಒಂದು ಗೂಡಂಗಡಿಯಂಥ ಕಿಟಕಿ, ಮೇಲೆ ದೊಡ್ಡದಾಗಿ "ಕಮಿಷನ್ 0" ಅಂತ ಬೋರ್ಡು. 50 ಯೂರೋ ನೋಟು ಒಳಗೆ ತಳ್ಳಿದೆ. ಒಳಗಿದ್ದವನು ತಲೆ ಎತ್ತಲೂ ಇಲ್ಲ, ನೋಟುಗಳನ್ನು ಬೀಸಣಿಗೆ ಥರ ಹರಡಿ ಎರಡು ಸಲ ಎಣಿಸಿ, ಚೀಟಿ ಮಡಚಿ ಮೇಲಿಟ್ಟು ಕೊಟ್ಟ. ಅಷ್ಟು ಶಿಸ್ತಾಗಿ ಎಣಿಸಿದ್ದು ನೋಡಿ ನಾನು ಎಣಿಸಲಿಲ್ಲ. ಸೇತುವೆ ಹತ್ತಿರ ಹೋಗಿ ನೋಡಿದರೆ 800 ಚಿಲ್ಲರೆ. ಬರಬೇಕಾಗಿದ್ದದ್ದು 1200. ಕಮಿಷನ್ ಸೊನ್ನೆಯೇ, ರೇಟಿನಲ್ಲೇ ನುಂಗಿದ್ದ. ಅಂಥ ವ್ಯವಹಾರವನ್ನು ಮೂರು ಗಂಟೆಯೊಳಗೆ ಚೀಟಿ ತೋರಿಸಿ ರದ್ದು ಮಾಡಿಸಬಹುದು, 2019ರಿಂದ ಅದಕ್ಕೆ ಕಾನೂನೇ ಇದೆ ಅಂತ ಗೊತ್ತಾಗಿದ್ದು ವಾಪಸ್ ರೈಲಿನಲ್ಲಿ. ಈ ಸಲ ಎಲ್ಲ ಕಾರ್ಡಿನಲ್ಲೇ. ಮಿಷನ್ನು "ಯೂರೋದಲ್ಲಿ ಕೊಡುತ್ತೀರಾ?" ಅಂತ ಬಹಳ ಮರ್ಯಾದೆಯಿಂದ ಕೇಳುತ್ತದೆ, ಕೊರುನಾ ಅಂತಲೇ ಒತ್ತಬೇಕು. ಅಪ್ಪ, ಬೈಯಬೇಡಿ. ಆ ಸಿಟ್ಟಿಗೇ ಆವತ್ತು ಮಧ್ಯಾಹ್ನ ಊಟ ಮಾಡಿರಲಿಲ್ಲ.

ಊಟ ಅಂದರೆ ಅಮ್ಮನಿಗೆ ಚಿಂತೆ. ಕೆಲಸದ ದಿನ ಮಧ್ಯಾಹ್ನ ಹನ್ನೊಂದರಿಂದ ಎರಡರ ತನಕ ಅಲ್ಲಿನ ಹೋಟೆಲ್‌ಗಳಲ್ಲಿ "ಪೊಲೆಡ್ನಿ ಮೆನು" ಅಂತ ಇರುತ್ತದೆ. ನಮ್ಮ ಊಟದ ಹೋಟೆಲಿನ ಥರ, ಆಫೀಸಿನವರಿಗೆ ಅಂತ ಮಾಡುವ ದಿನದ ಊಟ. ಅದೇ ಹೋಟೆಲಿನಲ್ಲಿ ರಾತ್ರಿ ತಿಂದರೆ ಎಷ್ಟೋ ಜಾಸ್ತಿ. ಸಸ್ಯಾಹಾರ ಸಿಗುತ್ತದೆ, ಆದರೆ ಅದೂ ಸ್ವಲ್ಪ ಅವರ ಥರದ್ದೇ: ಚೀಸಿನ ದಪ್ಪ ತುಂಡನ್ನು ಎಣ್ಣೆಯಲ್ಲಿ ಕರಿದು ಆಲೂಗಡ್ಡೆ ಜೊತೆ ಕೊಡುತ್ತಾರೆ. ನನಗೆ ಇಷ್ಟವಾದದ್ದು ಬ್ರಂಬೊರಾಕ್. ಹಸಿ ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ರೊಟ್ಟಿ ಥರ ತಟ್ಟಿ ಕರಿಯುತ್ತಾರೆ, ಅಂಚು ಗರಿಗರಿ. ಮೊಟ್ಟೆ ಹಾಕುತ್ತಾರೆ ಅಜ್ಜಿ, ಕ್ಷಮಿಸು. ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರಾದ್ದರಿಂದ ಕೇಳಿಯೇ ತಗೋಬೇಕು. ಬೀದಿ ಬೀದಿಯಲ್ಲಿ ಕೋಲಿಗೆ ಹಿಟ್ಟು ಸುತ್ತಿ ಸುಟ್ಟು ಸಕ್ಕರೆ ಹೊರಳಿಸಿ "ಪುರಾತನ ಬೊಹೀಮಿಯಾದ ತಿಂಡಿ" ಅಂತ ಮಾರುತ್ತಾರೆ (ಬೊಹೀಮಿಯಾ ಅಂದರೆ ಪ್ರಾಗ್ ಇರುವ ಸೀಮೆ). ಪ್ರವಾಸಿಗಳಿಗೆ ಅಂತ ಬಂದಿದ್ದು ಅದು, ಅಲ್ಲಿಯವರು ಅದನ್ನು ನೋಡಿದರೆ ಮೂಗು ಮುರಿಯುತ್ತಾರೆ. ರಾತ್ರಿಗೆ ಹಾಸ್ಟೆಲಿನಲ್ಲೇ ಅನ್ನ, ನಿನ್ನ ಪುಳಿಯೋಗರೆ ಗೊಜ್ಜು.

ಇನ್ನು ನೋಡುವುದು. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳಕ್ಕೇ ಹೋಗಬೇಕು. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಕಂಡಿದ್ದು ಬರೀ ಬೆನ್ನುಗಳು. 1357ರಲ್ಲಿ ಶುರು ಮಾಡಿದ ಕಲ್ಲಿನ ಸೇತುವೆ ಅಪ್ಪ, ನಮ್ಮ ಕಡೆ ಬುಕ್ಕರಾಯ ಆಳುತ್ತಿದ್ದ ಕಾಲ. ಗಾರೆ ಗಟ್ಟಿಯಾಗಲಿ ಅಂತ ಊರೂರಿಂದ ಮೊಟ್ಟೆ ತರಿಸಿದರಂತೆ, ಒಂದು ಊರಿನವರು ದಾರಿಯಲ್ಲಿ ಒಡೆಯದಿರಲಿ ಅಂತ ಬೇಯಿಸಿ ಕಳಿಸಿದರಂತೆ. ಕಥೆಯೇ ಇರಬೇಕು. ನಮ್ಮ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಕೋಟೆಗೆ 22ನೇ ನಂಬರ್ ಟ್ರಾಮ್, ಅಂಗಳ ಸುತ್ತುವುದಕ್ಕೆ ದುಡ್ಡಿಲ್ಲ. ಒಳಗಿನ ದೊಡ್ಡ ಚರ್ಚನ್ನು 1344ರಲ್ಲಿ ಶುರು ಮಾಡಿ 1929ರಲ್ಲಿ ಮುಗಿಸಿದ್ದಾರೆ. ಇನ್ನು ಮೇಲೆ ನಮ್ಮ ಪಂಚಾಯ್ತಿ ಕಟ್ಟಡದ ಬಗ್ಗೆ ಯಾರೂ ಏನೂ ಅನ್ನಬಾರದು. ದೋಣಿ ವಿಹಾರ, ಮೇಣದ ಗೊಂಬೆಗಳು, ಆ ಥರದ್ದೆಲ್ಲ ಬಿಟ್ಟೆ. ಬದಲಿಗೆ ವಿಶೆಹ್ರಾದ್ ಅಂತ ನದಿಯ ಮೇಲಿನ ಹಳೇ ಕೋಟೆ ಗುಡ್ಡ, ಪುಕ್ಕಟೆ, ಜನವೂ ಕಡಿಮೆ.

ಮಂಗಳವಾರ ಸಂಜೆ ಇಳಿದ ಕೂಡಲೇ ನಾರೊದ್ನಿ ಅನ್ನುವ ಬೀದಿಗೆ ಹೋಗುತ್ತೇವೆ. ನವೆಂಬರ್ 17 ಅವರ ರಜಾ ದಿನ. 1989ರಲ್ಲಿ ಆವತ್ತು ವಿದ್ಯಾರ್ಥಿಗಳ ಮೆರವಣಿಗೆಗೆ ಪೊಲೀಸರು ಅಲ್ಲೇ ಹೊಡೆದದ್ದು. ಆ ವರ್ಷ ಮುಗಿಯುವುದರೊಳಗೆ ಕಮ್ಯುನಿಸ್ಟ್ ಆಡಳಿತವೇ ಹೋಗಿ ಹಾವೆಲ್ ಅನ್ನುವ ನಾಟಕಕಾರ ಅಧ್ಯಕ್ಷ ಆದರು. ಜನ ಇವತ್ತಿಗೂ ಅಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ನಾವೂ ಒಂದು ಹಚ್ಚಿ ಬರುತ್ತೇವೆ.

ಆದರೆ ನಾನು ನಿಜವಾಗಿ ಹೋಗುತ್ತಿರುವುದು ಬೇರೆ ಎರಡಕ್ಕೆ. ಎರಡೂ ನಿಮ್ಮ ಕಾರಣಕ್ಕೆ, ಅಪ್ಪ.

ಒಂದು, ಹಳೇ ಊರಿನ ಚೌಕದ ಆ ಗಡಿಯಾರ. 1410ರದ್ದು. ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಯಲ್ಲಿ ಗೊಂಬೆಗಳು ಸುತ್ತುತ್ತವೆ, ಜನ ಫೋನ್ ಎತ್ತಿ ಹಿಡಿದು ನಿಲ್ಲುತ್ತಾರೆ. ಗೊಂಬೆಗಳಲ್ಲಿ ಏನೂ ಇಲ್ಲ. ಅವರು ಚದುರಿದ ಮೇಲೆ ನೋಡಬೇಕು. ಅದು ಗಡಿಯಾರ ಅಲ್ಲ, ಗೋಡೆಗೆ ಹಾಕಿದ ಪಂಚಾಂಗ. ಹನ್ನೆರಡು ರಾಶಿಯ ಚಕ್ರ, ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ತೋರಿಸುತ್ತದೆ. ಚಂದ್ರನ ಕಡ್ಡಿಯ ತುದಿಗೆ ನಿಂಬೆಹಣ್ಣಿನಂಥ ಗುಂಡು, ಅರ್ಧ ಕಪ್ಪು ಅರ್ಧ ಬೆಳ್ಳಿ, ಅಮಾವಾಸ್ಯೆ ಹುಣ್ಣಿಮೆಗೆ ತಕ್ಕಂತೆ ತಾನೇ ಹೊರಳುತ್ತದೆ. ಹೊರಗಿನ ಬಳೆಯಲ್ಲಿ ಹಳೇ ಬೊಹೀಮಿಯಾದ ಗಂಟೆ, ಅವರು ದಿನವನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು, ನಾವು ಸೂರ್ಯೋದಯದಿಂದ ಎಣಿಸುವ ಹಾಗೆ. ಇನ್ನೊಂದರಲ್ಲಿ ಹಗಲನ್ನೇ ಹನ್ನೆರಡು ಪಾಲು ಮಾಡಿದ್ದಾರೆ, ಚಳಿಗಾಲಕ್ಕೆ ಗಂಟೆ ಸಣ್ಣ, ಬೇಸಿಗೆಗೆ ದೊಡ್ಡ. ಅಮ್ಮ, ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುವುದಲ್ವಾ? ನಾನು ಕೂತು ಲೆಕ್ಕ ಹಾಕಿದೆ. ಆ ಬುಧವಾರ ಪ್ರಾಗ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳೂಕಾಲಿಗೆ, ಮುಳುಗುವುದು ನಾಲ್ಕು ಹತ್ತಕ್ಕೆ. ಅಂದರೆ ಅಲ್ಲಿಯ ರಾಹುಕಾಲ ಒಂದೂವರೆ ಗಂಟೆ ಅಲ್ಲ, ಬರೀ ಒಂದು ಗಂಟೆ ಏಳು ನಿಮಿಷ. ಆ ಹೊತ್ತಿಗೆ ಊಟಕ್ಕೆ ಕೂತಿರುತ್ತೇವೆ, ಚಿಂತೆ ಬೇಡ. ಗಡಿಯಾರ ಮಾಡಿದವನು ಇನ್ನೊಂದು ಮಾಡದಿರಲಿ ಅಂತ ಅವನ ಕಣ್ಣು ಕೀಳಿಸಿದರು ಅಂತಲೂ ಕಥೆ ಇದೆ, ಎಲ್ಲ ಊರಿಗೂ ಇಂಥದ್ದೊಂದು ಬೇಕೇನೋ. ಎದುರಿಗಿನ ತೀನ್ ಚರ್ಚಿನಲ್ಲಿ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿ. ನೀವು ಒಂಬತ್ತನೇ ಕ್ಲಾಸಿಗೆ ಕೆಪ್ಲರ್ ಪಾಠ ಮಾಡುವಾಗ ಸೀಮೆಸುಣ್ಣಕ್ಕೆ ದಾರ ಕಟ್ಟಿ ಅಂಡಾಕಾರ ಬರೆಯುತ್ತಿದ್ದಿರಲ್ಲ, ಆ ಕೆಪ್ಲರ್ ಮಂಗಳ ಗ್ರಹದ ಲೆಕ್ಕ ಬಿಡಿಸಿದ್ದು ಇದೇ ಊರಿನಲ್ಲಿ, ಈ ಟೈಕೋ ಬರೆದಿಟ್ಟ ಅಂಕಿಗಳಿಂದ.

ಎರಡನೆಯದು ಕ್ಲೆಮೆಂಟಿನಂ. ಅಲ್ಲಿ ಟಿಕೆಟ್ ಇದೆ, ಈ ಪ್ರವಾಸದಲ್ಲಿ ನಾನು ಕಣ್ಣು ಮುಚ್ಚಿ ಖರ್ಚು ಮಾಡುವುದು ಅದೊಂದಕ್ಕೇ. ಜೆಸ್ಯೂಟ್ ಪಾದ್ರಿಗಳ ಹಳೇ ಕಾಲೇಜು, ದೊಡ್ಡ ಗ್ರಂಥಾಲಯ, ಮಧ್ಯೆ ಖಗೋಳ ನೋಡುವ ಗೋಪುರ. ಒಳಗಿನ ಒಂದು ಕೋಣೆಯಲ್ಲಿ ಬಿಸಿಲಿನ ಕೋಲು ನೆಲದ ಮೇಲಿನ ದಾರಕ್ಕೆ ಬಂದಾಗ ಸರಿಯಾಗಿ ಮಧ್ಯಾಹ್ನ. ಆಗ ಗೋಪುರದ ಮೇಲಿಂದ ಬಾವುಟ ಬೀಸಿ ಊರಿಗೆ ತಿಳಿಸುತ್ತಿದ್ದರು. ಇದಕ್ಕಲ್ಲ ನಾನು ಹೋಗುತ್ತಿರುವುದು. ಅಲ್ಲಿ 1775ರಿಂದ ಪ್ರತಿದಿನ ಒಂದು ದಿನವೂ ಬಿಡದೆ ಉಷ್ಣಾಂಶ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಹೈದರಾಲಿ ಇದ್ದ ಕಾಲದಿಂದ. ಯುದ್ಧಗಳು ಬಂದವು, ರಾಜರು ಹೋದರು, ಯಾರೋ ಒಬ್ಬರು ದಿನವೂ ಎದ್ದು ಹೋಗಿ ಅಂಕಿ ಬರೆದರು. ಇದನ್ನು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದ ಮೂಲೆಯ ಮಳೆ ಮಾಪಕದ ಹತ್ತಿರ ಬಗ್ಗಿರುವ ನೀವು. ಅಜ್ಜ ತೀರಿಕೊಂಡ ದಿನವೂ ಇಂಚಿನ ಲೆಕ್ಕ ಬರೆದಿದ್ದಿರಿ ಅಂತ ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳಲ್ಲ.

ಹಾಗಾಗಿ ಪುಟ್ಟ, ಅಪ್ಪನ ಮಳೆ ಡೈರಿಯಲ್ಲಿ ಎಲ್ಲಕ್ಕಿಂತ ಹಳೇ ಪುಟದ ಫೋಟೋ ತೆಗೆದು ಕಳಿಸು. ಗೈಡ್‌ಗೆ ತೋರಿಸಬೇಕು. ನಕ್ಕರೆ ನಗಲಿ.

ಒಟ್ಟು 130 ಯೂರೋ ಒಳಗೆ ಮುಗಿಸುತ್ತೇನೆ, 13 ಸಾವಿರ ರೂಪಾಯಿ ಅಂದುಕೊಳ್ಳಿ. ವೀಸಾ ಏನೂ ಬೇಡ, ಇಲ್ಲಿನ ವಾಸದ ಪರವಾನಗಿ ಸಾಕು. ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ಬಸ್ ಹತ್ತಿ ನೋಡುತ್ತಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಟ್ರಾಮ್ ಟಿಕೆಟ್ ಹತ್ತಿದ ಕೂಡಲೇ ಮಿಷನ್ನಿಗೆ ತೂರಿಸಿ ಮುದ್ರೆ ಒತ್ತಿಸಬೇಕು, ಅದನ್ನು ಮರೆತು ನನ್ನ ಕ್ಲಾಸಿನ ಹುಡುಗ ದಂಡ ಕಟ್ಟಿದ್ದಾನೆ. ನಾನು ಮರೆಯಲ್ಲ.

ಅಮ್ಮ, ಕಷಾಯದ ಪುಡಿ ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸು. ಅಜ್ಜಿಗೆ ನಮಸ್ಕಾರ. ದೀಪಾವಳಿಗೆ ವಿಡಿಯೋ ಕಾಲ್ ಮಾಡುತ್ತೇನೆ, ಗೋಪೂಜೆ ಹೊತ್ತಿಗೆ ಫೋನನ್ನು ಕೊಟ್ಟಿಗೆಗೇ ತಗೊಂಡು ಹೋಗು ಪುಟ್ಟ, ಗೌರಿಯನ್ನು ನೋಡಬೇಕು.

ನಿಮ್ಮ ಪ್ರೀತಿಯ,
ಚಿನ್ನಿ

ಮರೆತಿದ್ದೆ: ಪುಟ್ಟ, ಪ್ರಾಗ್‌ನ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ನೀರಿನ ಬಾಟಲಿಗಿಂತ ಬಿಯರ್ ಅಗ್ಗ. ಈ ಸಾಲನ್ನು ಗಟ್ಟಿಯಾಗಿ ಓದಬೇಡ.