ಶಿರಾಡಿ ಘಾಟಿಯಲ್ಲಿ ನೆರವಾದ ಹಿರಿಯರಿಗೆ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಗುಂಡ್ಯದಿಂದ ಸಕಲೇಶಪುರದತ್ತ ಘಾಟಿ ಏರುವಾಗ ನಮ್ಮ ತಂದೆಯವರ ಕಾಲದ ಪದ್ಮಿನಿ ಕಾರು ಕೆಮ್ಮಿ ನಿಂತಿತು. ಆಗ ತಮ್ಮ ಪಿಕಪ್ ವಾಹನವನ್ನು ಬದಿಗೆ ಹಾಕಿ ಇಳಿದುಬಂದ ಹಿರಿಯರೇ, ಹೆಸರನ್ನೂ ಕೇಳದೆ ಉಳಿದ ನಾನು ತಮಗೆ ಇಲ್ಲಿ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಬಿಸಿಗೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿದೆಯೆಂದು ತಿಳಿದು ನಾನು ಎಂಜಿನ್ನಿಗೆ ಪೆಟ್ರೋಲ್ ಒದಗಿಸುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದೆ. ಹಳೆಯ ಕಾರಿನವರೆಲ್ಲ ಬಲ್ಲ ಉಪಾಯವದು. ತಾವು ಮಾತ್ರ ಆಯಿಲ್ ಅಳೆಯುವ ಕಡ್ಡಿಯನ್ನು ಹೊರತೆಗೆದು ಮೂಸಿ, ಪಂಪಿನೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಹರಿದು ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತಿದೆಯೆಂದೂ, ತೆಳುವಾದ ಆ ಆಯಿಲಿನಲ್ಲಿ ಓಡಿಸಿದರೆ ಬೇರಿಂಗುಗಳು ಸವೆದುಹೋಗುತ್ತವೆಂದೂ ಎಚ್ಚರಿಸಿದಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದನ್ನೂ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಬಲಗುಂದುವುದನ್ನೂ, ಟ್ಯಾಂಕಿನ ತಳದ ಹಳೆಯ ಕೊಳೆ ಸಡಿಲಗೊಂಡು ಫಿಲ್ಟರಿಗೆ ಬರುವುದನ್ನೂ ತಾಳ್ಮೆಯಿಂದ ವಿವರಿಸಿದಿರಿ. ನಂತರ ಕಾರಿಗೆ ಹಗ್ಗ ಕಟ್ಟಿ ಸಕಲೇಶಪುರದವರೆಗೆ ಎಳೆದು ತಂದು, ಕಾಫಿಗೂ ನಿಲ್ಲದೆ ಹೊರಟುಹೋದಿರಿ.

ಗ್ಯಾರೇಜಿನಲ್ಲಿ ಪಂಪ್ ಬಿಚ್ಚಿದಾಗ ತಾವು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಡಯಾಫ್ರಮ್ಮಿನ ಅಂಚು ಸೀಳಿತ್ತು, ಕೊಳವೆಗಳು ಬೆರಳಿಗೆ ಮೆತ್ತಗೆ ತಗಲುತ್ತಿದ್ದವು, ಫಿಲ್ಟರ್ ತುಂಬ ಕೆಂಪು ತುಕ್ಕು. ಎಥನಾಲ್ ತಡೆಯುವ ರಬ್ಬರಿನ ಡಯಾಫ್ರಮ್ಮನ್ನೂ ಕೊಳವೆಗಳನ್ನೂ ಹಾಕಿಸಿ, ಆಯಿಲ್ ಬದಲಿಸಿದ್ದೇನೆ. ಅಂದು ಹಟ ಹಿಡಿದು ಓಡಿಸಿದ್ದರೆ (ನನ್ನ ಸ್ವಭಾವ ಅಂಥದೇ) ಇಡೀ ಎಂಜಿನ್ನನ್ನೇ ಬಿಚ್ಚಬೇಕಾಗುತ್ತಿತ್ತು.

ತಮ್ಮ ನೀಲಿ ನೈಲಾನ್ ಹಗ್ಗ ನನ್ನ ಡಿಕ್ಕಿಯಲ್ಲೇ ಉಳಿದಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಎದುರು ಬರುವ ಪಿಕಪ್‌ಗಳಲ್ಲಿ ತಮ್ಮ ಮುಖವನ್ನು ಹುಡುಕುತ್ತಿರುತ್ತೇನೆ.